ಎಡ ರೆಕ್ಕೆ ಅವಳದು

"ಏಳ್ರೀ ಅಲ್ಲಿಂದ! ಇದೇನು ನಿಮ್ಮನಿ ಅಂಗಳೇನು, ಕುಂತು ಗೋಲಿ ಆಡ್ಲಾಕ?"

ಕಲಬುರಗಿಯ ಖೂಬಾ ಪ್ಲಾಟಿನ ಕರೀಂಸಾಬರ ಕಂಪ್ಯೂಟರ್ ಸೆಂಟರಿನಲ್ಲಿ ಪುತಳಾಬಾಯಿ ಆಡಿದ ಮೊಟ್ಟಮೊದಲ ಮಾತು ಇದು. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಯ ಬಿಸಿ ಇನ್ನೂ ಆರಿರಲಿಲ್ಲ!

ಕುರ್ಚಿಯಲ್ಲಿದ್ದವನು ತಿರುಗಿ ನೋಡಿದ. ಕೂದಲ ಮೇಲೆ ಧೂಳು, ರೆಪ್ಪೆಯ ಮೇಲೆ ಧೂಳು. ತೊಗರಿಬೇಳೆಯ ಹಳದಿ ಧೂಳು... ಅದರ ನಡುವೆ ನಗುವ ಎರಡು ಕಣ್ಣು.

ಅವಳ ಎದೆ ಝಲ್ ಎಂದಿತು. ಇಂಥವನನ್ನು ನೋಡಿ ಝಲ್ ಎಂದ ಆ ಎದೆಯ ಮೇಲೇ ಅವಳಿಗೆ ಸಿಟ್ಟು ಬಂತು.

'ಛೀ! ಗಂಜಿನ ಬೇಳಿ ಚೀಲಾನೇ ಎದ್ದು ಬಂದು ಕುರ್ಚಿ ಮ್ಯಾಲ ಕುಂತಂಗದ!'

ಅವನ ಮುಂದಿನ ಪರದೆ ಅಲ್ಲಾಡದೆ ನಿಂತಿತ್ತು. ಅದರಲ್ಲಿ ಪ್ಯಾಂಟಿನ ಮೇಲೆ ಚಡ್ಡಿ ಹಾಕಿದ ಕೆಂಪು ಶಾಲಿನ ಮಹಾವೀರನೊಬ್ಬ ಹೆಣ್ಣುಮಗಳೊಬ್ಬಳನ್ನು ಎತ್ತಿಕೊಂಡು ಹಲ್ಲು ಕಿರಿಯುತ್ತಿದ್ದ.

"ಕೆಡಿಸಿಟ್ರಿ ಹೌದಿಲ್ಲೋ ಕಂಪ್ಯೂಟರ್?"

"ಇಲ್ರೀ... ಆಟ ಬಂದ್ ಬಿತ್ತು. ಅಷ್ಟೇ."

ಒಳಗಿನಿಂದ ಕರೀಂಸಾಬರು ಕೂಗಿದರು. "ಅಮೋಘಾ! ಫಿರ್ ಬಂದ್ ಬಿತ್ತೇನೋ? ಇವತ್ತಿನ ಆಟ ಖತಂ. ಈ ಮುದಿ ಮಷೀನು ಮತ್ತ ಚಾಲೂ ಆಗೂದ್ರಾಗ ನನಗ ಮೊಮ್ಮಕ್ಕಳಾಗ್ತಾವ! ಹಾಂ ಬೇಟಿ, ಕಮಲಾಪುರದಾಕಿ ನೀನೇ ಏನು? ಒಂದು ಕಂಪ್ಯೂಟರಿಗೆ ಇಬ್ಬಿಬ್ರು. ಇವನ ಜೋಡಿ ಕೂಡು."

ಪುತಳಾ ಗಾಳಿ ಇಲ್ಲದ ಟಯರಿನಂತೆ ಕುಸಿದು ಕುಳಿತಳು. ಇವನ ಜೋಡಿ!

ಅದು ಎರಡು ಸಾವಿರದ ಮೂರನೆಯ ಇಸವಿ. ಕಂಪ್ಯೂಟರ್ ಕಲಿಯದವರಿಗೆ ನೌಕರಿಯೂ ಇಲ್ಲ, ವರನೂ ಇಲ್ಲ ಎಂದು ಕಲಬುರಗಿಯ ಜನ ನಂಬಿದ್ದ ಕಾಲ. ಬಿ.ಎ. ಮುಗಿಸಿದ ಪುತಳಾ ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಹೆಸರಿನ ಕೊನೆಗೆ ಅಪ್ಪ ಅಮ್ಮ ಸುಮ್ಮನೆ ಬಾಯಿ ಇಟ್ಟಿರಲಿಲ್ಲ. ಕಂಡಕ್ಟರನ ಮೂಗಿನ ದನಿ, ಪ್ರಿನ್ಸಿಪಾಲರ ಕೆಮ್ಮು, ಬಾಗಿಲಿಗೆ ಬರುವ ಬಳೆಗಾರತಿಯ ಕೂಗು... ಯಾರನ್ನು ಒಮ್ಮೆ ಕೇಳಿದರೂ ಹಾಗೇ ಮಾಡಿ ತೋರಿಸುವಳು. ಕೇಳಿದವರು ನಗುತ್ತಿದ್ದರು. ಆದರೆ ಮುಂದಿನ ಸರದಿ ತಮ್ಮದೇನೋ ಎಂದು ಒಂದು ಮಾರು ದೂರವೇ ಕೂಡುತ್ತಿದ್ದರು.

ಅಮೋಘಪ್ಪ ತಾಜಸುಲ್ತಾನಪುರದವನು. ಬಿ.ಕಾಂ. ಆಗಿದ್ದ. ಬೆಳಿಗ್ಗೆ ಕಾಳುಕಡಿಯ ಪೇಟೆಯಾದ ನೆಹರು ಗಂಜಿನ ಅಡತಿ ಅಂಗಡಿಯಲ್ಲಿ ಕೆಲಸ ಮುಗಿಸಿ, ಮಧ್ಯಾಹ್ನ ಹಾಗೇ ಧೂಳು ಮೈಯಲ್ಲಿ ಇಲ್ಲಿಗೆ ಬರುತ್ತಿದ್ದ. ಕ್ಲಾಸು ಶುರುವಾಗುವ ತನಕ ಅವನಿಗೆ ಆ ಆಟ. ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯ ಪಿನ್‌ಬಾಲ್.

ಮರುದಿನ ಅವಳು ಪಕ್ಕದಲ್ಲಿ ಕುಳಿತು ಮೂಗು ಮುರಿದಳು. "ಬಿ.ಕಾಂ. ಓದಿ ಬೇಕಾಂ ಆಗೀರಿ ನೋಡ್ರಿ, ಕೆಲಸಕ್ಕ ಬಾರದಂಗ!"

ಅವನು ಸಿಟ್ಟಾಗಲಿಲ್ಲ. ಕೀಬೋರ್ಡನ್ನು ಇಬ್ಬರ ನಡುವೆ ಸರಿಸಿದ.

"ಬೈಯೂದು ಸಸಾರ ಅದರೀ. ಎಡ ರೆಕ್ಕೆ ನೀವು ಹಿಡೀರಿ, ಬಲ ರೆಕ್ಕೆ ನಾ ಹಿಡೀತೀನಿ. ನೋಡೋಣು."

"ನಿಮ್ಮ ಬೇಳೆ ನನ್ನ ಮುಂದ ಬೇಯಂಗಿಲ್ಲ!" ಎಂದಳು. ಎಂದವಳು ಎಡಗೈ ಬೆರಳನ್ನು ಕೀ ಮೇಲೆ ಇಟ್ಟೇಬಿಟ್ಟಳು!

ಪರದೆಯ ಮೇಲೆ ಇಳಿಜಾರಾದ ಒಂದು ಊರು. ಬಲ ಅಂಚಿನ ಸ್ಪ್ರಿಂಗ್ ಎಳೆದು ಬಿಟ್ಟರೆ ಬೆಳ್ಳಿ ಗುಂಡು ಸುಯ್ಯೆಂದು ಮೇಲೇರಿ ಮಾಳಿಗೆಗಳ ಮೇಲೆ ಬೀಳುತ್ತಿತ್ತು. ಅಲ್ಲಿ ಮೂರು ದುಂಡನೆಯ ನೀರಿನ ಟಾಕಿ. ಬಂದ ಗುಂಡನ್ನು ಅವು ಢಣ್, ಢಣ್ ಎಂದು ಒದ್ದು ಒಂದರಿಂದೊಂದಕ್ಕೆ ಅಟ್ಟುತ್ತಿದ್ದವು. ಬಲಕ್ಕೆ ಬೋಳುತಲೆಯ ಖಳನ ಗವಿ. ಅದು ಗುಂಡನ್ನು ನುಂಗಿ, ಹೊಲಸು ನಗೆ ನಕ್ಕು, ಮತ್ತೆ ಉಗುಳುವುದು. ಎಡಕ್ಕೆ ಗೋಪುರ. ಅದರ ಸುತ್ತ ಹತ್ತುವ ದಾರಿಗೆ ಗುಂಡು ಏರಿದಾಗೆಲ್ಲ ಆ ಮಹಾವೀರ ಒಂದು ಅಂತಸ್ತು ಮೇಲೆ ಹಾರುತ್ತಿದ್ದ. ಮೂರು ಸಲ ಏರಿದರೆ ತುದಿಯಲ್ಲಿ ಸಿಕ್ಕಿಬಿದ್ದು ಕಿರುಚುವ ಹೆಣ್ಣುಮಗಳ ಬಿಡುಗಡೆ.

ಕೆಳಗೆ ಗುಂಡನ್ನು ಮೇಲಕ್ಕೆ ಹೊಡೆಯುವ ಎರಡೇ ರೆಕ್ಕೆ. ನಡುವೆ ಬಾಯಿ ತೆರೆದ ಗಟಾರ. ಗುಂಡು ಅಲ್ಲಿ ಬಿತ್ತೋ, ಹೋಯಿತು.

"ಈಕಿಗೇನು ಕಾಲಿಲ್ಲೇನು?" ಪುತಳಾ ಕೇಳಿದಳು. "ಇಷ್ಟು ಬಾಯಿ ಮಾಡೂ ಬದಲು ಮೆಟ್ಟಲಾ ಇಳಿದು ಬರಬಾರದಾ? ಮತ್ತ ನಿಮ್ಮ ಈ ಸಿಡಿಲಪ್ಪ! ಒಳಗ ಹಾಕೂದು ಹೊರಗ ಹಾಕ್ಯಾನ, ಇಂವ ಊರು ಉಳಸ್ತಾನಂತ!"

ಅಮೋಘ ಬಿದ್ದು ಬಿದ್ದು ನಕ್ಕ. ಗುಂಡು ನಟ್ಟನಡುವೆ ಇಳಿದು ಬಂತು. ಎಡ ರೆಕ್ಕೆಗೂ ದೂರ, ಬಲ ರೆಕ್ಕೆಗೂ ದೂರ.

"ಈಗ?"

"ಈಗ ಉದ್ದ ಕೀ. ಆಟದ ಟೇಬಲ್‌ಗ ಮೆಲ್ಲಕ ಒಂದು ತಟ್ಟು ಕೊಡ್ರಿ."

ಅವಳು ಬಟ್ಟೆ ಒಗೆಯುವಂತೆ ಧಪಧಪ ಬಡಿದಳು. ಪರದೆ ಕೆಂಪಾಯಿತು. ರೆಕ್ಕೆಗಳೆರಡೂ ಸತ್ತು ಬಿದ್ದವು.

"ಒಮ್ಮೆ ತಟ್ಟಿದ್ರ ಗುಂಡು ಉಳೀತದರೀ. ಮ್ಯಾಲಮ್ಯಾಲ ಬಡದ್ರ ಟೇಬಲ್ ಮುನಿಸ್ಕೋತದ. ಆಮ್ಯಾಲ ಏನ್ ಒತ್ತಿದ್ರೂ ಮಾತಾಡಂಗಿಲ್ಲ."

"ಅಯ್ಯ, ಏನ್ ಸೂಕ್ಷ್ಮ ಮನಸು!" ಎಂದು ಅವನ ದನಿಯಲ್ಲೇ ಅಣಕಿಸಿದಳು.

ದಿನಗಳು ಹೀಗೇ ಹೋದವು. ಒಂದು ವಿಚಿತ್ರ ಮಾತ್ರ ಅವಳಿಗೆ ತಿಳಿಯಲಿಲ್ಲ. ಎಡಗಡೆಯ ಗೋಪುರಕ್ಕೆ ಗುಂಡು ಏರಿಸಬೇಕಾದದ್ದು ಬಲ ರೆಕ್ಕೆ. ಅಂದರೆ ಅಮೋಘನ ಕೆಲಸ. ಎರಡು ಸಲ ಬಾಣ ಬಿಟ್ಟಂತೆ ಏರಿಸುವನು. ಮೂರನೆಯದು ಬಂತೆಂದರೆ ಸಾಕು... ಕೈ ತಡವಾಗುವುದು, ಗುಂಡು ಗಟಾರಕ್ಕೆ!

"ಹೋತ್ ನೋಡ್ರೀ!" ಎಂದು ನಾಲಿಗೆ ಕಚ್ಚಿಕೊಳ್ಳುವನು.

"ಥೂ! ಕೈಯೇನು ಬೆಣ್ಯಾಗ ಅದ್ದಿ ತರ್ತೀರಿ?"

ಬೈಯುತ್ತಲೇ ಇದ್ದಳು. ಆದರೆ ಕಮಲಾಪುರದಿಂದ ಮೊದಲಿನ ಬಸ್ಸಿಗಿಂತ ಒಂದು ಬಸ್ಸು ಮುಂಚೆ ಹೊರಡತೊಡಗಿದ್ದಳು. 'ಕ್ಲಾಸಿಗೆ ತಡ ಆಗಬಾರದಲ್ಲ, ಅದಕ್ಕ!' ಎಂದು ತನಗೆ ತಾನೇ ಹೇಳಿಕೊಂಡಳು. ಸುಳ್ಳಿಗೂ ಒಂದು ಮಿತಿ ಬೇಡವೇ...

ಆಯುಧಪೂಜೆ ಬಂತು. ಸೆಂಟರಿನ ಕಂಪ್ಯೂಟರುಗಳೆಲ್ಲ ವಿಭೂತಿ ಬಳಿದುಕೊಂಡು, ಚೆಂಡುಹೂ ಏರಿಸಿಕೊಂಡು ಕುಳಿತವು. "ವೈರಸ್ ಹೋಗ್ತದಂದ್ರ ಇನ್ನೆರಡು ಲಿಂಬಿಹಣ್ಣು ಹೆಚ್ಚಿಗೇ ಕೊಯ್ರಿ!" ಎಂದು ಕರೀಂಸಾಬರೇ ಚೀಲ ತುಂಬಿ ತಂದುಕೊಟ್ಟರು. ಪೂಜೆಯಾದ ಮೇಲೆ ಯಾರೂ ಕೀ ಮುಟ್ಟುವಂತಿಲ್ಲ. ಕೈ ಸುಮ್ಮನಿದ್ದರೆ ಬಾಯಿಗೆ ಕೆಲಸ.

"ಪುತಳಾ, ಯಾರದಾರ ಮಾಡಿ ತೋರಸ!" ಹುಡುಗಿಯರು ದುಂಬಾಲು ಬಿದ್ದರು. "ನಿನ್ನ ಜೋಡಿ ಕೂಡಾಂವಂದ ಮಾಡ! ಭಾಳ ಬಣ್ಣ ಏರ್ಲಾಕತ್ತದ ನಿನ್ನ ಮಾರಿಗೆ!"

ಬಣ್ಣ! ಅವಳಿಗೆ ಗಾಬರಿಯಾಯಿತು. ಗಾಬರಿಯಾದಾಗ ಅವಳಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ.

ಎದ್ದು ನಿಂತಳು. ಪ್ರಸಾದದ ಪುಠಾಣಿ ಹಿಟ್ಟನ್ನು ರೆಪ್ಪೆಗೆ ಬಳಿದುಕೊಂಡಳು. ಕುರ್ಚಿಯಲ್ಲಿ ಕುಳಿತು, ಕಣ್ಣು ಪಿಳಿಪಿಳಿ ಮಾಡಿ, ಗಾಳಿಯಲ್ಲಿ ಬೆರಳು ಆಡಿಸಿ, ನಾಲಿಗೆ ಕಚ್ಚಿ... "ಹೋತ್ ನೋಡ್ರೀ!"

ಸೆಂಟರು ಹಾರಿಬೀಳುವಂತೆ ನಗು!

ಅಲ್ಲಿಗೆ ನಿಲ್ಲಿಸಬಹುದಿತ್ತು. ಒಂದು ತಟ್ಟು ಸಾಕಿತ್ತು. ಅವಳು ಮತ್ತೆ ಬಡಿದಳು.

"ಸಿಡಿಲಪ್ಪ ಆಗ್ತೀನಂತ ಬರ್ತಾನ, ಬೇಳಿ ಚೀಲ ಆಗಿ ಹೋಗ್ತಾನ! ಕೈಗೆ ಬಂದ ಗುಂಡು ಹಿಡಿಯಾಕ ಬರದಾಂವ, ನಾಳಿ ಕೈ ಹಿಡದಾಕಿನ್ನ ಏನ್ ಹಿಡೀತಾನ್ರೀ? ಆಕಿನೂ 'ಹೋತ್ ನೋಡ್ರೀ'!"

ಬಾಗಿಲಲ್ಲಿ ಅಮೋಘ ನಿಂತಿದ್ದ. ಅಂದು ಮಾತ್ರ ತಲೆಗೆ ಎಣ್ಣೆ ಹಾಕಿ, ಮಡಿ ಅಂಗಿ ತೊಟ್ಟು, ಮೈಯಲ್ಲಿ ಒಂದು ಕಣ ಧೂಳಿಲ್ಲದೆ ಬಂದಿದ್ದ.

ಅವನೂ ನಕ್ಕ. ಎಲ್ಲರಿಗಿಂತ ಒಂದು ಗಳಿಗೆ ಮುಂಚೆ ನಗು ನಿಲ್ಲಿಸಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದ.

ದಸರೆ ಮುಗಿಸಿ ಬಂದರೆ ಅವಳ ಪಕ್ಕದ ಕುರ್ಚಿ ಖಾಲಿ.

"ಅಮೋಘ ಮುಂಜಾನಿ ಬ್ಯಾಚಿಗೆ ಹೋದನಮ್ಮ," ಎಂದರು ಕರೀಂಸಾಬರು. "ಅಂಗಡ್ಯಾಗ ಮಧ್ಯಾಹ್ನ ಕೆಲಸ ಬಂತಂತ."

'ಹೋಗಲಿ! ಪೀಡಾ ಹೋತು!' ಎಂದುಕೊಂಡಳು. ಖಾಲಿ ಕುರ್ಚಿಯಿಂದ ತೊಗರಿಯ ವಾಸನೆ ಬರುತ್ತಿದೆಯೇನೋ ಎಂದು ಅದೇ ಕ್ಷಣ ಉಸಿರೆಳೆದಳು. ಬರಲಿಲ್ಲ. ಕಣ್ಣಿಗೆ ಮಾತ್ರ ಧೂಳು ಬಿದ್ದಂತಾಯಿತು.

ಆಟ ತೆರೆದಳು. ಇವತ್ತು ಎರಡೂ ರೆಕ್ಕೆ ಅವಳವೇ. 'ಆ ಬೆಣ್ಣಿಗೈಯಾಂವ ಮಾಡದ್ದು ನಾ ಮಾಡಿ ತೋರಸ್ತೀನಿ!' ಆದರೆ ಬಲಗೈ ಮಾತು ಕೇಳಲಿಲ್ಲ. ಗುಂಡಿನ ಮೇಲೆ ಗುಂಡು ಗಟಾರಕ್ಕೆ ಬಿತ್ತು. ಅವಳೂ ಹಟಮಾರಿ. ದಿನವೂ ಆಡಿದಳು. ಕೊನೆಗೊಂದು ಮಧ್ಯಾಹ್ನ ಗುಂಡು ಗೋಪುರ ಏರಿತು. ಮತ್ತೆ ಏರಿತು. ಮೂರನೆಯ ಸಲವೂ...

ಏರಿಯೇಬಿಟ್ಟಿತು!

ಸಿಡಿಲಪ್ಪ ಆ ಹೆಣ್ಣುಮಗಳನ್ನು ಎತ್ತಿಕೊಂಡು ಹಲ್ಲು ಕಿರಿದ. ಪರದೆ ಗಕ್ಕನೆ ನಿಂತಿತು. ಪುಕ್ಕಟೆ ಆಟ ಇಲ್ಲಿಗೆ ಮುಗಿಯಿತು, ಮುಂದೆ ಬೇಕಾದರೆ ಕೊಂಡುಕೊಳ್ಳಿ ಎಂಬ ಅಕ್ಷರಗಳು ಮೂಡಿದವು. ಯಾವ ಕೀ ಒತ್ತಿದರೂ ಅಲ್ಲಾಡಲಿಲ್ಲ.

ಈ ಚಿತ್ರ... ಇದನ್ನು ಎಲ್ಲೋ ನೋಡಿದ್ದಾಳೆ! ಮೊದಲ ದಿನ, ಅವನ ಮುಂದೆ!

"ಬಂದ್ ಬಿತ್ತಾ?" ಕರೀಂಸಾಬರು ಬಗ್ಗಿ ನೋಡಿದರು. "ಆಕಿನ್ನ ಬಿಡಿಸಿದ್ರ ಹಂಗೇ ಬೇಟಿ. ಆವತ್ತಿನ ಆಟ ಮುಗೀತು. ಅಮೋಘಾನೂ ಮೊದಲೆಲ್ಲ ದಿನಾ ಬಿಡಿಸಿ ನನ್ನ ಕಡಿಂದ ಬೈಸ್ಕೋತಿದ್ದ. ನೀ ಬಂದಮ್ಯಾಲ ಒಂದಿನಾನೂ ಬಂದ್ ಬೀಳಲಿಲ್ಲ. ಶಾಣ್ಯಾ ಆದ ಅಂದ್ಕೊಂಡೆ."

ಪುತಳಾ ಕೀ ಮೇಲಿಂದ ಕೈ ತೆಗೆದಳು.

ಬಿಡಿಸಿದರೆ ಆಟ ಮುಗಿಯುತ್ತದೆ. ಗುಂಡು ಬಿದ್ದರೆ ಮತ್ತೊಂದು ಗುಂಡು, ಮತ್ತೊಂದು ಆಟ... ಕ್ಲಾಸಿನ ಗಂಟೆಯವರೆಗೂ ಒಂದೇ ಕೀಬೋರ್ಡು, ಪಕ್ಕಪಕ್ಕದ ಕೈ. ಅವನ ಕೈ ತಪ್ಪುತ್ತಿರಲಿಲ್ಲ. ಅವನು ಬೇಕೆಂದೇ ಬಿಡುತ್ತಿದ್ದ. ಅವಳು ಎದ್ದುಹೋಗದಿರಲಿ ಎಂದು, ದಿನವೂ ಅವಳಿಂದ ಬೈಸಿಕೊಂಡು ಬಿಡುತ್ತಿದ್ದ!

ಅವನು ತನಗಾಗಿ ಮಾಡಿದ್ದನ್ನೇ ಅವಳು ಊರ ಮುಂದೆ ಅಣಕಿಸಿದ್ದಳು.

ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡಿದ್ದ ಅವ್ವ ಮಲ್ಕಮ್ಮ, ಬಸ್ಸಿಳಿದ ಮಗಳ ಮುಖ ನೋಡಿದಳು.

"ಯಾರ ಜೋಡಿ ಜಗಳ ಮಾಡಿ ಬಂದಿ?"

"ಯವ್ವಾ... ನನ್ನ ಬಾಯಿ ಅಷ್ಟು ಕೆಟ್ಟದೇನ?"

"ಹೂಂ. ಕೆಟ್ಟದ," ಎಂದಳು ಅವ್ವ ಸಲೀಸಾಗಿ. ಒಂದು ಹಣ್ಣು ಕೈಗೆತ್ತಿಕೊಂಡಳು. "ಇದರ ಸಿಪ್ಪಿ ನೋಡು. ಇಷ್ಟು ದಪ್ಪ. ಸುಲಿದು ತೋರಸೂತನಾ ಒಳಗ ಸಿಹಿ ಅದ ಅಂತ ಯಾರಿಗೂ ತಿಳಿಯಂಗಿಲ್ಲ. ಗಿರಾಕಿನೇ ಸುಲಕೋಲಿ ಅಂತ ನಾ ಸುಮ್ನ ಕುಂತ್ರ, ಹಣ್ಣು ಬುಟ್ಟ್ಯಾಗೇ ಕೊಳೀತದ."

ಮರುದಿನ ಪುತಳಾ ಖೂಬಾ ಪ್ಲಾಟಿಗೆ ಹೋಗಲಿಲ್ಲ. ಬಾಳೆಹಣ್ಣಿನ ಚಿಪ್ಪು ಹಿಡಿದು ನೇರ ನೆಹರು ಗಂಜಿಗೆ ನಡೆದಳು.

ಅಮೋಘ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ತೊಗರಿಯ ಮಾದರಿ ನೋಡುತ್ತಿದ್ದ. ಸುತ್ತ ಹಮಾಲರು. ತಲೆ ಎತ್ತಿದವನು ಅವಳನ್ನು ಕಂಡು ಕಲ್ಲಾದ.

"ಏನ್ ಬೇಕಾಗಿತ್ರೀ?"

ಮಾಫ್ ಮಾಡಿ ಎನ್ನಬೇಕು. ಎರಡೇ ಶಬ್ದ. ಊರಿನವರೆಲ್ಲರ ದನಿ ಬರುವವಳಿಗೆ ತನ್ನ ದನಿ ಬರಲಿಲ್ಲ! ಅವನು ಮತ್ತೆ ಚೀಲದ ಕಡೆ ತಿರುಗಿದ. ಏನು ಒತ್ತಿದರೂ ಮಾತಾಡದ ಟೇಬಲ್ಲು...

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೂಗು ಮುರಿದಳು. ಇಷ್ಟು ದಿನ ಯಾರನ್ನು ಒಮ್ಮೆಯೂ ಅಣಕಿಸಿರಲಿಲ್ಲವೋ, ಆ ತನ್ನನ್ನೇ ಅಣಕಿಸತೊಡಗಿದಳು.

"ನಾ ಯಾರ್ ಗೊತ್ತೇನ್ರೀ? ಪುತಳಾಬಾಯಿ! ನನಗ ಯಾರೂ ಹಿಡಸಂಗಿಲ್ಲ! ಕಂಡಕ್ಟರ್ ಹಿಡಸಂಗಿಲ್ಲ, ಪ್ರಿನ್ಸಿಪಾಲ್ ಹಿಡಸಂಗಿಲ್ಲ, ಸಿಡಿಲಪ್ಪ ಅಂತೂ ಮೊದಲೇ ಹಿಡಸಂಗಿಲ್ಲ! ಗೋಪುರದ ಮ್ಯಾಲ ಕುಂತು ಬಾಯಿ ಮಾಡಾಕಿಗೆ ಕಾಲಿಲ್ಲೇನು ಅಂತ ಕೇಳ್ತೀನಿ, ನಾ ಮಾತ್ರ ಮ್ಯಾಲೇ ಕುಂತೀನಿ! ಹಿಡಿಸ್ಯಾನ ಒಬ್ಬಾಂವ... ಅದಕ್ಕ ಅವನಿಗೇ ಎಲ್ಲಾರಿಗಿಂತ ಜಾಸ್ತಿ ಬೈತೀನಿ. ಯಾಕಂದ್ರ... ಯಾಕಂದ್ರ ಹತ್ರ ಬರೂ ಬ್ಯಾರೆ ದಾರಿ ನನಗ..."

ಅಲ್ಲಿಂದ ಮುಂದೆ ಅದು ಅಣಕವಾಗಿರಲಿಲ್ಲ. ದನಿ ಒಡೆದಿತ್ತು.

"ನಾನೇ ಇಳಿದು ಬಂದೀನ್ರೀ," ಎಂದಳು. "ಮೂರನೇ ಸಲ ಗುಂಡು ಯಾಕ ಬಿಡ್ತಿದ್ರಿ, ಗೊತ್ತಾತು."

ಅಮೋಘನ ಕೈಯ ತೊಗರಿ ಸುರ್ರನೆ ಕೆಳಗೆ ಸುರಿಯಿತು.

"ಹೋತ್ ನೋಡ್ರೀ..." ಎಂದ ಮೆಲ್ಲಗೆ.

ಅವಳು ಅಳುತ್ತಲೇ ನಕ್ಕುಬಿಟ್ಟಳು!

ಚೀಲದ ಮೇಲೆ ಕುಳಿತಿದ್ದ ಹಿರಿಯ ಹಮಾಲ ಪೀರಪ್ಪ ಬೀಡಿ ತೆಗೆದು ಹೇಳಿದ, "ಅಮೋಘಾ, ಬೇಳಿ ಬೆಂತಲೇ ನಿಂದು! ಆ ಬಾಳಿಹಣ್ಣು ಇಸ್ಕೋ ಮೊದಲ."

ಮರುದಿನ ಮಧ್ಯಾಹ್ನ ಖೂಬಾ ಪ್ಲಾಟಿನಲ್ಲಿ ಅವೇ ಎರಡು ಕುರ್ಚಿ. ಎಡ ರೆಕ್ಕೆ ಅವಳದು, ಬಲ ರೆಕ್ಕೆ ಅವನದು. ಗುಂಡು ಗೋಪುರವನ್ನು ಎರಡು ಸಲ ಏರಿ, ಟಾಕಿಗಳಿಂದ ಒದೆ ತಿಂದು, ನಟ್ಟನಡುವೆ ಇಳಿಯತೊಡಗಿತು.

ಇಬ್ಬರ ಹೆಬ್ಬೆರಳೂ ಒಮ್ಮೆಲೇ ಉದ್ದ ಕೀ ಮೇಲೆ ಬಂದವು. ಒಂದೇ ಒಂದು ತಟ್ಟು. ಮೆಲ್ಲಗೆ. ಗುಂಡು ಓರೆಯಾಗಿ ಬಲ ರೆಕ್ಕೆಗೆ ಹೊರಳಿತು.

"ಏರಸು," ಎಂದಳು. ಮೊದಲ ಬಾರಿ ರೀ ಇಲ್ಲದೆ.

"ಆಟ ಮುಗೀತದ ಪುತಳಾ."

"ಮುಗೀಲಿ. ಎದ್ದು ಹೋಗೋರ್ಯಾರು?"

ಗುಂಡು ಏರಿತು. ಪರದೆ ನಿಂತಿತು. ಉದ್ದ ಕೀ ಮೇಲಿನ ಎರಡು ಹೆಬ್ಬೆರಳೂ ಅಲ್ಲೇ ಇದ್ದವು.

"ಬೈಯೂದು ಬಿಡ್ತಿ ಏನು ಹಂಗಾರ?" ಅವನು ಕೇಳಿದ.

"ಇಲ್ಲ," ಎಂದಳು ಪುತಳಾ, ಅವನ ರೆಪ್ಪೆಯ ಧೂಳನ್ನು ಸೆರಗಿನಿಂದ ಒರೆಸುತ್ತ. "ಆದ್ರ ಇನ್ನ ಒಮ್ಮೆಗೆ ಒಂದೇ ತಟ್ಟು."