ರಾಂಜಣಗಾಂವಕ್ಕೆ ಹೋಗಿ ಕೇಳಿದ ಪ್ರಶ್ನೆ

"ಶಿವರುದ್ರಮಾಮಾನ ಕೂಡ ನನ್ನ ಮದುವಿ ಅದ ಅಂತ ಪೃಥ್ವಿರಾಜ್‌ಗ ಹೇಳಿದಾಕಿ ನೀನೇನು?"

ಕುಸುಮ ಬಾಗಿಲಲ್ಲೇ ನಿಂತು ಕೇಳಿದಳು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಗಡಿಯಾಚೆ ಇಬ್ಬರೂ ಕೆಲಸಕ್ಕೆ ಬಂದಿದ್ದ ಹಿಂಜವಾಡಿಯ ಆ ಫ್ಲ್ಯಾಟಿನಲ್ಲಿ ಅವಳ ಜೊತೆಗಿದ್ದ ಗೆಳತಿ ಸಿಂಧೂರ ಬಟ್ಟೆ ಮಡಚುತ್ತಿದ್ದವಳು ಹಾಗೇ ಬಿಳಿಚಿಕೊಂಡಳು.

"ಯಾರು... ಯಾರು ಹೇಳಿದ್ರು ನಿಂಗೆ?"

"ಮಾಮಾನೇ ಫೋನ್ ಮಾಡಿದ್ದ, ನಕ್ಕೋಂತ! ಪೃಥ್ವಿರಾಜ್ ಬಾಯ್ಲೇ ನಿನ್ನ ಹೆಸರು ಕೇಳ್ಯಾನ."

ನಗದೆ ಇನ್ನೇನು ಮಾಡಿಯಾನು ಪಾಪ! ಕುಸುಮಳ ತೊಟ್ಟಿಲು ತೂಗಿದವನು ಅವನು. ವಿಜಯಪುರ ಬಿಟ್ಟು ರಾಂಜಣಗಾಂವದ ಫ್ಯಾಕ್ಟರಿ ಸೇರಿದ ಮೇಲೂ ಭಾನುವಾರ ಬಂತೆಂದರೆ ಅಕ್ಕನ ಮಗಳಿಗೆ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದ. ಇನ್ನೂ ಮದುವೆಯಾಗಿಲ್ಲ ಎನ್ನುವುದೊಂದೇ ಅವನ ತಪ್ಪು. ಇವರಿಬ್ಬರ ಮದುವೆಯ ಮಾತು ಆ ಮನೆಯಲ್ಲಿ ಯಾರ ತಲೆಗೂ ಬಂದದ್ದಿಲ್ಲ.

ಪೃಥ್ವಿರಾಜ್ ಎದುರು ರಸ್ತೆಯ ಉಡುಪಿ ಹೋಟೆಲಿನವರ ಮಗ. ಕುಸುಮ ಬಂದರೆ ಸಾಕು, ತಾನೇ ಒಳಗಿಂದ ನೀರುದೋಸೆ ತಂದಿಡುತ್ತಿದ್ದ. ಏನೋ ಹೇಳಲು ಬಾಯಿ ತೆರೆಯುತ್ತಿದ್ದ... ಒಂದು ದಿನ ಇದ್ದಕ್ಕಿದ್ದಂತೆ ಮಾತೇ ನಿಂತುಹೋಯಿತು. ಕಣ್ಣೆತ್ತಿಯೂ ನೋಡದಾದ. ಮಳೆಗಾಲವಿಡೀ ಕುಸುಮ ದಿಂಬಿಗೆ ಮುಖ ಒತ್ತಿ ಅತ್ತಿದ್ದಳು.

"ನಾ ಅತ್ತಾಗ ನನ್ನ ತಲಿ ನೇವರಿಸಿದಾಕಿ ನೀನ ಅಲ್ಲೇನ ಸಿಂಧೂ? ಎಲ್ಲಾ ಗೊತ್ತಿದ್ದೂ?"

"ಮೊದಲು ನಿಜ ಅಂತಾನೇ ಅಂದ್ಕೊಂಡಿದ್ದೆ ಕಣೇ! ಮಂಡ್ಯದಲ್ಲಿ ನಮ್ಮಕ್ಕನ್ನ ನಮ್ಮ ಸೋದರಮಾವಂಗೇ ಕೊಟ್ಟಿರೋದು. ಮದುವೆಗೆ ಮುಂಚೆ ಅವರೂ ಹೀಗೇ ಗಂಟು ಹಿಡ್ಕೊಂಡು ಬರ್ತಿದ್ರು. ಪೃಥ್ವಿ ನಿನ್ನ ಬಗ್ಗೆ ಕೇಳಿದಾಗ, ಅವಳಿಗೆ ಮಾವನ ಜೊತೆ ಫಿಕ್ಸ್ ಆಗಿದೆ ಅಂದ್ಬಿಟ್ಟೆ."

"ಆಮ್ಯಾಲ?"

ಸಿಂಧೂರ ತಲೆ ತಗ್ಗಿಸಿದಳು. "ಆಮೇಲೆ ನೀನು ಅವನಿಗೋಸ್ಕರ ಅತ್ತೆ. ಆಗ ಗೊತ್ತಾಯ್ತು. ಒಂದು ಮಾತು ಹೇಳಿದ್ರೆ ಎಲ್ಲ ಸರಿಹೋಗ್ತಿತ್ತು... ಹೇಳ್ಲಿಲ್ಲ. ನಂಗೂ ಅವನು ಇಷ್ಟ ಆಗಿದ್ದ, ಕುಸುಮಾ."

ಸಿಟ್ಟು ನೆತ್ತಿಗೇರಿತು. ಕುಸುಮಳ ಕೈ ಮೇಲೆದ್ದೇಬಿಟ್ಟಿತು! ಸಿಂಧೂರ ಮಾತ್ರ ಹಿಂದೆ ಸರಿಯಲಿಲ್ಲ.

"ಹೊಡಿ. ಆದ್ರೆ ಇದೊಂದು ಕೇಳು. ನನ್ನ ಕಡೆ ನೋಡ್ಲಿ ಅಂತ ದಿನಾ ಅವನ ಹೋಟೆಲ್‌ಗೆ ಹೋಗಿ ಕೂತ್ಕೋತಿದ್ದೆ. ಅವನು ಕೇಳ್ತಿದ್ದಿದ್ದು ಒಂದೇ... 'ಅವರು ಊಟ ಮಾಡಿದ್ರಾ?' ಅಷ್ಟೇ!"

ಎತ್ತಿದ ಕೈ ತಾನಾಗಿ ಇಳಿಯಿತು. 'ಬ್ಯಾರೆಯವ್ರ ಹೆಂಡ್ತಿ ಆಗಾಕಿ ಅಂತ ತಿಳಕೊಂಡ ಮ್ಯಾಲೂ ನನ್ನ ಊಟದ ಚಿಂತಿ ಏನ ಇವರಿಗೆ!'

"ನಿನ್ನ ಇವತ್ತ ಮಾಫ್ ಮಾಡಾಕ ನನ್ನ ಕೈಲೆ ಆಗಂಗಿಲ್ಲ," ಎಂದಳು. "ಮುಂದಿಂದು ಮುಂದ ನೋಡೂಣು."

ಕಂಪನಿ ಬಸ್ಸುಗಳ ನಡುವೆ ನುಸುಳಿ ರಸ್ತೆ ದಾಟುವಾಗ, ಮಾಮಾ ಫೋನಿನಲ್ಲಿ ಹೇಳಿದ್ದೇ ಕಿವಿಯಲ್ಲಿತ್ತು.

"ಮುಂಜಾನೆ ಫ್ಯಾಕ್ಟರಿ ಗೇಟಿಗೆ ಬಂದಿದ್ದನವ್ವ ಹುಡುಗ. ಜಗಳಕ್ಕ ಬಂದಾನೇನೋ ಅಂದ್ಕೊಂಡೆ. ಕೈ ಕಟ್ಟಿ ನಿಂತು, 'ಈ ಮದುವೆ ಅವರಿಗೆ ಇಷ್ಟ ಉಂಟಾ?' ಅಂತ ಕೇಳಿದ. ಅಂಥಾ ಮದುವಿನೇ ಇಲ್ಲೋ ತಮ್ಮಾ ಅಂತ ನಕ್ಕು ಹೇಳಿದೆ. ತನಗ ಕೊಡ್ರಿ ಅಂತ ಒಂದ ಮಾತು ಅನಲಿಲ್ಲ ನೋಡವ್ವ!"

ಅವಳನ್ನು ಕಂಡು ಪೃಥ್ವಿರಾಜ್ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಂತ.

"ಅಷ್ಟು ದೂರ ಯಾಕ ಹೋಗಿದ್ರಿ?"

"ನಮ್ಮಲ್ಲಿ ಸೋದರಮಾವ ಅಂದ್ರೆ ಅಪ್ಪನ ಹಾಗೆ. ಅವರನ್ನು ಮದುವೆ ಆಗುದುಂಟಾ?" ಎಂದ ಅವನು. "ನಿಮ್ಮ ಕಡೆ ಅದು ಉಂಟೇನೋ ಅಂತ ಇಷ್ಟು ದಿನ ಸುಮ್ಮನಿದ್ದೆ. ಮೊನ್ನೆ ನಿಮ್ಮ ಕಣ್ಣು ಊದಿದ್ದು ನೋಡಿದೆ. ಒತ್ತಾಯ ಮಾಡ್ತಿದ್ದಾರಾ ಅಂತ ಹೆದರಿಕೆ ಆಯ್ತು ಮಾರಾಯ್ರೆ."

ಕುಸುಮ ಬೆರಗಾಗಿ ಅವನನ್ನೇ ನೋಡಿದಳು. ಇವನು ಒಂದು ದಿನವೂ ತನ್ನ ಬೆರಳು ಸಹ ಮುಟ್ಟಿದವನಲ್ಲ. 'ಹಿಂಗೂ ಪ್ರೀತಿ ಮಾಡಾವ್ರು ಇರ್ತಾರೇನು ದೇವರೇ...!'

"ಒಂದ ವ್ಯಾಳೆ ಮಾಮಾ 'ಹೌದು, ಆಕಿಗೆ ಇಷ್ಟ ಅದ' ಅಂದಿದ್ರ ಏನ ಮಾಡ್ತಿದ್ರಿ?"

"ಒಳ್ಳೆದಾಗ್ಲಿ ಅಂತ ಹೇಳಿ ವಾಪಸ್ ಬರ್ತಿದ್ದೆ."

"ಬಂದು?"

"ಎಂತ ಮಾಡುದು..." ಅವನು ನಗಲು ನೋಡಿದ, ಆಗಲಿಲ್ಲ. "ನಿಮ್ಮ ಮದುವೆ ಅಡುಗೆ ನಾನೇ ಮಾಡ್ತಿದ್ದೆ. ಬೇರೆಯವರ ಕೈಗೆ ಬಿಡ್ತಿರಲಿಲ್ಲ."

ಕುಸುಮಳ ಕಣ್ಣು ತುಂಬಿ ಹರಿಯಿತು. ತಿಂಡಿ ತಿನ್ನುತ್ತಿದ್ದವರೆಲ್ಲ ನೋಡುತ್ತಿದ್ದರು. ನೋಡಿದರೆ ನೋಡಲಿ!

"ನೀವು ಅಡಗಿ ಮಾಡಬ್ಯಾಡ್ರಿ."

"ಯಾಕೆ?"

"ಮದುಮಗನೇ ಅಡಗಿ ಮನ್ಯಾಗ ನಿಂತ್ರ, ನನಗ ತಾಳಿ ಕಟ್ಟಾವ್ರು ಯಾರ್ರಿ?"

ಪೃಥ್ವಿರಾಜ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಹಾಗಾದ್ರೆ... ಒಳ್ಳೆ ಅಡುಗೆಯವರನ್ನು ನಾಳೆಯೇ ಹುಡುಕ್ತೇನೆ."