ಸಂಬಂಧ: ಇತರೆ

"ನಿಮ್ಮ ಪಾರ್ಸೆಲ್ ತಪ್ಪಿ ನಾನು ತೆರೆದುಬಿಟ್ಟೆ. ಕ್ಷಮಿಸಿ."

ಮೆಟ್ಟಿಲ ತಿರುವಿನಲ್ಲಿ ನಿಂತಿದ್ದವನ ಕೈಯಲ್ಲಿ ಅವಳ ಪೆಟ್ಟಿಗೆಯಿತ್ತು. ಮೂರನೇ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದವನು. ಅವಳು ಎರಡನೇ ಮಹಡಿಯವಳು.

ಅವಳು ಅವನ ಮುಖ ನೋಡಲಿಲ್ಲ. ಟೇಪು ನೋಡಿದಳು.

ತಪ್ಪಿ ತೆರೆದವರು ಪೆಟ್ಟಿಗೆಯನ್ನು ತೆರೆದಂತೆಯೇ ತಂದುಕೊಡುತ್ತಾರೆ. ಇವನು ಹೊಸ ಟೇಪು ಹಚ್ಚಿದ್ದ. ಅದೂ ಎಷ್ಟು ಅಚ್ಚುಕಟ್ಟಾಗಿ! ಏನೋ ಮುಚ್ಚಿಡಬೇಕಾದವರು ಮಾತ್ರ ಹೀಗೆ ಅಂಟಿಸುತ್ತಾರೆ...

"ಒಳಗೇನಿತ್ತು ಅಂತ ನೋಡಿದ್ರಾ?"

"ನೋಡಿದೆ. ಷೂ ಒಳಗೆ ಹಾಕೋ ಮೆತ್ತೆ. ನಾನೂ ಅಂಥದ್ದೇ ತರಿಸಿದ್ದೆ, ಅದಕ್ಕೇ ಗೊತ್ತಾಗಲಿಲ್ಲ." ಅವನು ಅವಳ ಪಾದ ನೋಡಿದ. "ಆದ್ರೆ ಇದು ನಿಮಗೆ ಆಗಲ್ಲ ಕಣ್ರೀ. ನೀವು ಎಡಗಾಲಿನ ಹೊರಗಡೆಗೆ ಭಾರ ಬಿಟ್ಟು ನಡೀತೀರಿ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನಾನು ಹೇಗೆ ನಡೀತೀನಿ ಅಂತ ನಿಮಗೆ ಹೇಗೆ ಗೊತ್ತು?"

"ಮೆಟ್ಟಿಲಲ್ಲಿ ಕೇಳಿಸುತ್ತಲ್ಲ."

ಅವಳು ಪೆಟ್ಟಿಗೆ ಕಿತ್ತುಕೊಂಡು ಬಾಗಿಲು ಹಾಕಿಕೊಂಡಳು. ಚಿಲಕವನ್ನೂ ಹಾಕಿದಳು. ಆಮೇಲೆ ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ನಡೆದು ನೋಡಿದಳು. ಎಡಗಾಲು... ಹೌದು, ಹೊರಗಡೆಗೇ!

ಅನುಮಾನ ಅವಳ ಸ್ವಭಾವವಷ್ಟೇ ಅಲ್ಲ, ಸಂಬಳವೂ ಹೌದು. ಒಂದು ಆನ್‌ಲೈನ್ ಅಂಗಡಿಯ ಗೋದಾಮಿನಲ್ಲಿ ಗಿರಾಕಿಗಳು ವಾಪಸ್ ಕಳಿಸಿದ ಸಾಮಾನು ಪರೀಕ್ಷಿಸುವುದು ಅವಳ ಕೆಲಸ. ಏಳನೇ ನಂಬರಿನ ಮೇಜು, ತಲೆಯ ಮೇಲೆ ಬಿಳಿ ದೀಪ, ಮುಂದೆ ನಾಲ್ಕು ಡಬ್ಬಿ: ಹೊಸದು, ಪರವಾಗಿಲ್ಲ, ರಿಪೇರಿ, ತಿರಸ್ಕಾರ. ಗಂಟೆಗೆ ನಲವತ್ತು ಪೆಟ್ಟಿಗೆ, ನಿಂತೇ. ಪಾರ್ಟಿಗೆ ಹಾಕಿ ಬೆವರಿದ ಅಂಗಿ "ಬಣ್ಣ ಹಿಡಿಸಲಿಲ್ಲ" ಎಂಬ ಕಾರಣ ಹೊತ್ತು ಬರುತ್ತಿತ್ತು. ಹೊಸ ಇಸ್ತ್ರಿಪೆಟ್ಟಿಗೆಯ ಡಬ್ಬದೊಳಗೆ ಯಾರದೋ ಅಜ್ಜನ ಕಾಲದ ಇಸ್ತ್ರಿಪೆಟ್ಟಿಗೆ ಕೂತಿರುತ್ತಿತ್ತು.

ಆ ಮೇಜಿನಲ್ಲಿ ನಿಂತ ನಾಲ್ಕು ವರ್ಷ ಅವಳು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ಸಾಮಾನು ಹೇಳುವುದಿಲ್ಲ. ಗೋದಾಮಿನಲ್ಲಿ ಅವಳಿಗೆ ಇಟ್ಟ ಅಡ್ಡಹೆಸರು ಭೂತಗನ್ನಡಿ.

ಇಂಥವಳು ಮೂರನೇ ಮಹಡಿಯವನ ಜೊತೆ ಮೆಂಬರ್‌ಶಿಪ್ ಹಂಚಿಕೊಂಡಿದ್ದು ಹೇಗೆ?

ಆ ವರ್ಷ ಅಂಗಡಿಯ ಮೆಂಬರ್‌ಶಿಪ್ ದರ ಏರಿತ್ತು. ಮೆಂಬರ್ ಆದರೆ ಸಾಗಾಟ ಉಚಿತ, ವಾಪಸಾತಿಯೂ ಉಚಿತ. ಆಗದಿದ್ದರೆ ಒಂದು ಸೋಪು ತರಿಸಿದರೂ ದಂಡ. ಅಲ್ಲೇ ದುಡಿಯುವವರಿಗೂ ಬಿಡಿಗಾಸಿನ ರಿಯಾಯಿತಿ ಇರಲಿಲ್ಲ. ಒಂದೇ ಮನೆ ನಂಬರಿನ ಇಬ್ಬರು ದೊಡ್ಡವರು ಒಂದೇ ಮೆಂಬರ್‌ಶಿಪ್‌ನಲ್ಲಿ ಸೇರಬಹುದು ಎಂದು ಮೆಟ್ಟಿಲ ಮೇಲೆ ಅವಳಿಗೆ ತಿಳಿಸಿದವನು ಅವನೇ. ನಮ್ಮ ಕಟ್ಟಡಕ್ಕೆಲ್ಲ ಒಂದೇ ನಂಬರಲ್ವಾ, ಅರ್ಧ ನೀವು ಅರ್ಧ ನಾನು ಅಂದ.

ಇಷ್ಟು ಒಳ್ಳೆಯವನಾಗಲು ಇವನಿಗೇನು ಲಾಭ ಎಂದು ಎರಡು ದಿನ ಯೋಚಿಸಿ, ಮೂರನೇ ದಿನ ಅವಳು ಒಪ್ಪಿದಳು.

ಆ್ಯಪ್‌ನಲ್ಲಿ "ಸಂಬಂಧ" ಎಂಬ ಜಾಗ ಬಂತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ "ಪತಿ/ಪತ್ನಿ" ಇತ್ತು. ಅದರ ಕೆಳಗೆ ಅಣ್ಣ, ತಂಗಿ, ಅತ್ತೆ, ಮಾವ, ಎಲ್ಲರೂ. ಅವನ ಬೆರಳು ನೇರ ತಳಕ್ಕೆ ಇಳಿದು ಕೊನೆಯದನ್ನು ಒತ್ತಿತು. "ಇತರೆ."

ಅವಳಿಗೆ ಸಮಾಧಾನವಾಯಿತು. ಸಣ್ಣದೊಂದು ಬೇಸರವೂ ಆಯಿತು. ಅದು ಯಾಕೆಂದು ಅವಳು ಪರೀಕ್ಷಿಸಲಿಲ್ಲ.

ಆಮೇಲೆ ಭಾನುವಾರಗಳು ಬದಲಾದವು. ದೊಡ್ಡ ಕಟ್ಟು ತರಿಸಿದರೆ ಅಗ್ಗ. ಹಾಗಾಗಿ ಬೆಳಿಗ್ಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಪಾಲು ಮಾಡಿಕೊಳ್ಳುತ್ತಿದ್ದರು. ಆರು ಸೋಪಿನಲ್ಲಿ ಮೂರು ಮೇಲಕ್ಕೆ, ಮೂರು ಕೆಳಕ್ಕೆ. ಒಮ್ಮೆ ಬಲ್ಬಿನ ಕಟ್ಟಿನಲ್ಲಿ ಐದು ಬಂದವು. ಉಳಿದ ಒಂದು ಯಾರಿಗೆ ಎಂದು ಅವಳು ಲೆಕ್ಕ ಹಾಕುತ್ತಿರುವಾಗಲೇ ಅವನು ಎದ್ದು, ವರ್ಷದಿಂದ ಕತ್ತಲಾಗಿದ್ದ ಮೆಟ್ಟಿಲ ತಿರುವಿಗೆ ಅದನ್ನು ಸಿಕ್ಕಿಸಿದ.

"ಇದು ನಮ್ಮಿಬ್ಬರದು," ಅಂದ.

ಆ ಬೆಳಕಿನಲ್ಲಿ ಅವಳು ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ಅಂಗಿಯ ತೋಳಿಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು. ಯಾವ ಪುಡಿ? ಆಸ್ಪತ್ರೆಯಲ್ಲಿ ಕೆಲಸ ಎಂದಷ್ಟೇ ಹೇಳಿದ್ದ. ಅವಳೂ ಕಂಪನಿಯಲ್ಲಿ ಕೆಲಸ ಎಂದಷ್ಟೇ ಹೇಳಿದ್ದಳು.

ಹೀಗೆ ಹತ್ತು ತಿಂಗಳು ಕಳೆದವು. ಒಂದು ಸೋಮವಾರ ಅವಳ ಮೇಜಿಗೆ ಬಂದ ಹನ್ನೊಂದನೇ ಪೆಟ್ಟಿಗೆಯ ಮೇಲೆ ಅವಳದೇ ಮೆಂಬರ್‌ಶಿಪ್ ನಂಬರಿತ್ತು.

ಅವಳು ಏನನ್ನೂ ವಾಪಸ್ ಮಾಡಿರಲಿಲ್ಲ. ಹಾಗಾದರೆ ಅವನು.

ಮುಚ್ಚಳ ತೆಗೆದಳು. ಹೆಂಗಸರ ಷೂ! ಕಪ್ಪು ಬಣ್ಣ, ಚಿಕ್ಕ ಹಿಮ್ಮಡಿ, ಸೈಜು ಆರು.

ಅವಳ ಕಾಲಿನ ಸೈಜು ನಾಲ್ಕು.

ಷೂ ಪೆಟ್ಟಿಗೆಯಲ್ಲಿ ಬಲಗಾಲಿನದು ಯಾವಾಗಲೂ ಮೇಲಿರುತ್ತದೆ. ಗಂಟೆಗೆ ನಲವತ್ತು ನೋಡಬೇಕಾದವರು ಅದೊಂದನ್ನೇ ಎತ್ತಿ ನೋಡಿ ತೀರ್ಪು ಕೊಡುತ್ತಾರೆ. ಒಂದು ಸವೆದಿದ್ದರೆ ಇನ್ನೊಂದೂ ಸವೆದಿರುತ್ತದೆ. ಅವಳೂ ಬಲಗಾಲಿನದನ್ನು ದೀಪಕ್ಕೆ ಹಿಡಿದಳು. ಅಡಿಯಲ್ಲಿ ಒಂದು ಧೂಳಿನ ಕಣವಿಲ್ಲ. ಆದರೆ ಒಳಗೆ... ಐದು ಬೆರಳಿನ ಗುರುತು, ಆಳವಾಗಿ, ಗಂಟೆಗಟ್ಟಲೆ ನಡೆದಂತೆ.

ಬೀದಿಗಿಳಿಯದೆ, ಕೋಣೆಯೊಳಗೇ ಷೂ ಹಾಕಿಕೊಂಡು ಓಡಾಡುವ ಹೆಂಗಸು. ಯಾವ ಕೋಣೆ? ಯಾರ ಕೋಣೆ?

ಬಳಸಿದ ಸಾಮಾನು ತಿರಸ್ಕಾರದ ಡಬ್ಬಿಗೆ ಹೋಗಬೇಕು, ಖಾತೆಗೊಂದು ಕೆಂಪು ಗುರುತು ಬೀಳಬೇಕು. ಮೂರು ಗುರುತಾದರೆ ಮೆಂಬರ್‌ಶಿಪ್ ರದ್ದು. ಭಾನುವಾರಗಳೂ ರದ್ದು.

ಅವಳು ಷೂವನ್ನು "ಹೊಸದು" ಡಬ್ಬಿಗೆ ಹಾಕಿದಳು. ನಾಲ್ಕು ವರ್ಷದಲ್ಲಿ ಅವಳ ಮೊದಲ ಸುಳ್ಳು. ಸಿಕ್ಕಿಬಿದ್ದರೆ ಏಳನೇ ಮೇಜು ಬೇರೆಯವರದಾಗುತ್ತಿತ್ತು.

ಹತ್ತು ದಿನಕ್ಕೆ ಎರಡನೇ ಜೋಡಿ ಬಂತು. ಅದೇ ಸೈಜು, ಹಿಮ್ಮಡಿ ಒಂದಿಷ್ಟು ಎತ್ತರ. ಅದೇ ಐದು ಬೆರಳು. ಅವಳಿಗೆ ಆ ಬೆರಳುಗಳು ಈಗ ಪರಿಚಯ. ಹೆಬ್ಬೆರಳು ಕೊಂಚ ಒಳಕ್ಕೆ ಬಾಗಿದ್ದು, ಕಿರುಬೆರಳು ಸಣ್ಣದು. ಕಂಡೇ ಇರದ ಹೆಂಗಸಿನ ಕಾಲನ್ನು ಇಷ್ಟು ದ್ವೇಷಿಸಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಅದನ್ನೂ "ಹೊಸದು" ಡಬ್ಬಿಗೇ ಹಾಕಿದಳು.

ಮನೆಯಲ್ಲಿ ಅವಳು ಚಾವಣಿಗೆ ಕಿವಿ ಕೊಟ್ಟು ಕೂರುತ್ತಿದ್ದಳು. ಮೇಲೆ ಅವನ ಹೆಜ್ಜೆ ಬಿಟ್ಟು ಬೇರೆ ಹೆಜ್ಜೆ ಕೇಳಿಸಲಿಲ್ಲ. ಹಾಗಾದರೆ ಇನ್ನೆಲ್ಲೋ ಇನ್ನೊಂದು ಮನೆ ಮಾಡಿದ್ದಾನೆ... ಭಾನುವಾರ ಸೋಪು ಹಂಚುವಾಗ ಅವನು, ಯಾಕೆ ಒಂಥರಾ ಇದೀರಿ, ಕಾಲು ನೋವಾ ಎಂದು ಕೇಳಿದ. ಅವಳು ಮೂರೂ ಸೋಪು ಎತ್ತಿಕೊಂಡು, ನನ್ನ ಕಾಲಿನ ಚಿಂತೆ ನಿಮಗ್ಯಾಕೆ, ಎಂದು ಎದ್ದುಹೋದಳು.

ಮೂರನೇ ಜೋಡಿ ಅವಳ ಮೇಜಿಗೆ ಬರಲಿಲ್ಲ. ಪಕ್ಕದ ಮೇಜಿನ ಲೇಬಲ್ ಅಕ್ಕನಿಗೆ ಬಂತು. ಅಕ್ಕ ಗೋದಾಮಿನಲ್ಲಿ ಎಲ್ಲರಿಗಿಂತ ಹಿರಿಯಳು. ಲೇಬಲ್ ಅಂಟಿಸದೆ ಯಾವುದನ್ನೂ ಬಿಟ್ಟವಳಲ್ಲ, ಮನುಷ್ಯರನ್ನೂ.

"ಭೂತಗನ್ನಡಿ, ಇದು ನಿನ್ನ ಮನೆ ನಂಬರಲ್ವೇನೇ?"

ಅವಳು ಕೈಯಲ್ಲಿದ್ದ ಪೆಟ್ಟಿಗೆ ಬಿಟ್ಟು ತಿರುಗಿದಳು. ಅಕ್ಕ ಮಾತ್ರ ಅವಸರವಿಲ್ಲದೆ ಬಲಗಾಲಿನದನ್ನು ನೋಡಿದಳು. ಬೇರೆ ಯಾರ ಪೆಟ್ಟಿಗೆಯಾಗಿದ್ದರೂ ಅಷ್ಟಕ್ಕೇ ಮುಗಿಯುತ್ತಿತ್ತು. ತನ್ನವಳ ಮನೆಯದೆಂದು ಅಕ್ಕ ಎಡಗಾಲಿನದನ್ನೂ ಎತ್ತಿದಳು, ಒಳಗೆ ಬೆರಳಾಡಿಸಿದಳು. ಹುಬ್ಬು ಗಂಟಿಕ್ಕಿತು.

"ಇದರೊಳಗೆ ಯಾರೂ ಕಾಲೇ ಇಟ್ಟಿಲ್ಲ. ಒಂದೇ ಕಾಲಿಗೆ ಷೂ ಹಾಕ್ಕೊಂಡು ಓಡಾಡೋ ಮಹರಾಯ್ತಿ ಯಾರಮ್ಮಾ?"

ಅವಳು ಎಡಗಾಲಿನ ಷೂ ಕಸಿದುಕೊಂಡು ದೀಪಕ್ಕೆ ಹಿಡಿದಳು. ಬೆರಳಿನ ಗುರುತಿಲ್ಲ. ಬೆವರಿಲ್ಲ. ಆದರೆ ಹಿಮ್ಮಡಿಯ ಜಾಗದಲ್ಲಿ ಗಟ್ಟಿಯಾದದ್ದೇನೋ ಒತ್ತಿದ ಸಣ್ಣ ಹೊಳಪು...

ಹೊಳಪು ಮಾತಾಡಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಬಾರಿ ಒಂದು ಸಾಮಾನು ಅವಳಿಗೆ ಉತ್ತರ ಕೊಡಲಿಲ್ಲ.

ಅಡಿ ಶುದ್ಧ, ಒಂದು ಹಳತು, ಒಂದು ಹೊಸತು, ಇದಕ್ಕೆ ನಮ್ಮಲ್ಲಿ ಡಬ್ಬಿಯೇ ಇಲ್ಲ ಎಂದು ಗೊಣಗುತ್ತ ಅಕ್ಕ ಅದನ್ನು "ಪರವಾಗಿಲ್ಲ" ಡಬ್ಬಿಗೆ ಹಾಕಿದಳು. ಪೆಟ್ಟಿಗೆಯ ಚೀಟಿಯನ್ನು ಹರಿದು ಅವಳ ಕೈಗಿತ್ತಳು. ಈ ಬಾರಿ ಕೊರಿಯರ್‌ನವನು ಅದನ್ನು ಮನೆಯಿಂದ ಎತ್ತಿರಲಿಲ್ಲ. ಆಸ್ಪತ್ರೆ, ಹಿಂದಿನ ಕಟ್ಟಡ, ನಾಲ್ಕನೇ ಕೋಣೆ.

"ಹೋಗಿ ಕೇಳು," ಅಂದಳು ಅಕ್ಕ. "ಬಾಯಿ ಇರೋದು ಯಾಕೆ?"

ಮರುದಿನ ಅವಳಿಗೆ ವಾರದ ರಜೆ. ಮಧ್ಯಾಹ್ನ ಹಿಂದಿನ ಕಟ್ಟಡದ ಓಣಿಯಲ್ಲಿ ನಡೆದಳು. ನಾಲ್ಕನೇ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಹಿಮ್ಮಡಿಯ ಸದ್ದು. ಟಕ್. ಸ್ವಲ್ಪ ತಡೆದು, ಟಕ್.

ಬಾಗಿಲು ತಳ್ಳಿದಳು.

ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಬಿಳಿ ಗಾರೆಯ ಕಾಲುಗಳು, ಸಾಲಾಗಿ. ಕೋಣೆಯ ನಡುವೆ ಸೊಂಟದೆತ್ತರದ ಎರಡು ಕಂಬಿ. ಅವುಗಳ ನಡುವೆ ಚಾಪೆಯ ಮೇಲೆ ಒಬ್ಬ ಹೆಂಗಸು ಕಪ್ಪು ಷೂ ಹಾಕಿ ನಡೆಯುತ್ತಿದ್ದಳು. ಬಲಗಾಲು ಕಾಲಿನಂತಿತ್ತು. ಎಡಗಾಲು ಮಂಡಿಯ ಕೆಳಗೆ ಒಂದು ಹೊಳೆಯುವ ಲೋಹದ ಕೊಳವೆ, ಕೊನೆಯಲ್ಲಿ ರಬ್ಬರಿನ ಪಾದ.

ಅವನು ನೆಲದ ಮೇಲೆ ಮಲಗಿ, ಕೆನ್ನೆಯನ್ನು ಚಾಪೆಗೆ ಒತ್ತಿ, ಆ ಹಿಮ್ಮಡಿಯನ್ನು ನೋಡುತ್ತಿದ್ದ.

"ಬನ್ನಿ ಒಳಗೆ," ಅಂದಳು ಆ ಹೆಂಗಸು. "ನನ್ನ ನಡಿಗೆ ನೋಡೋಕೆ ಟಿಕೆಟ್ ಇಲ್ಲ."

ಅವನು ದಡಬಡಿಸಿ ಎದ್ದ. ಕೆನ್ನೆಯ ಮೇಲೆ ಚಾಪೆಯ ಅಚ್ಚು ಮೂಡಿತ್ತು. ಹೆಂಗಸು ವಕೀಲೆ. ಬಸ್ಸಿನ ಅಪಘಾತದಲ್ಲಿ ಕಾಲು ಹೋಗಿತ್ತು. ಅದಾದ ಮೇಲೆ ಮೊದಲ ಬಾರಿ, ಮುಂದಿನ ವಾರ, ಕೋರ್ಟಿನಲ್ಲಿ ನಿಂತು ವಾದ ಮಾಡುವವಳಿದ್ದಳು, ಹಿಮ್ಮಡಿ ಷೂ ಹಾಕಿಯೇ ನಿಲ್ಲಬೇಕೆಂಬ ಹಟ. ಆಕೆಯೇ ಎಲ್ಲವನ್ನೂ ಹೇಳಿದಳು. ಹಿಮ್ಮಡಿ ಅರ್ಧ ಸೆಂಟಿಮೀಟರ್ ಹೆಚ್ಚಾದರೆ ಮಂಡಿ ಮುಂದಕ್ಕೆ ಬಾಗುತ್ತದಂತೆ. ಸರಿಯಾದ ಎತ್ತರ ಯಾವ ಫೋಟೋದಲ್ಲೂ ತಿಳಿಯುವುದಿಲ್ಲ. ಆಸ್ಪತ್ರೆ ಕೊಡಿಸುವುದಿಲ್ಲ. ಇವನು ತನ್ನ ಮೆಂಬರ್‌ಶಿಪ್‌ನಲ್ಲಿ ಒಂದೊಂದೇ ಜೋಡಿ ತರಿಸಿ, ಹಾಕಿಸಿ, ಆಗದಿದ್ದರೆ ವಾಪಸ್ ಕಳಿಸುತ್ತಿದ್ದ. ಈ ನಾಲ್ಕನೆಯದು ಹೊಂದಿತ್ತು.

ಆಮೇಲೆ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿ ವಕೀಲೆ ಕೇಳಿದಳು. "ಇವರು ನಿಮಗೇನಾಗಬೇಕು?"

"ಆ್ಯಪ್ ಪ್ರಕಾರ..." ಅವನು ತಡವರಿಸಿದ. "ಇತರೆ."

"ಓಹೋ. ನಾನು ಹೊರಗೆ ಸ್ವಲ್ಪ ನಡೆದು ಬರ್ತೀನಿ. ಸಾಕ್ಷಿ ಎಲ್ಲಿ ಇರಬಾರದು ಅಂತ ನನಗೆ ಗೊತ್ತು."

ಹಿಮ್ಮಡಿಯ ಸದ್ದು ಓಣಿಯಲ್ಲಿ ದೂರವಾಯಿತು.

ಅವಳು ಎಲ್ಲವನ್ನೂ ಹೇಳಿದಳು. ಏಳನೇ ಮೇಜು, ಐದು ಬೆರಳು, ಎರಡು ಸುಳ್ಳು. ಚಾವಣಿಗೆ ಕಿವಿ ಕೊಟ್ಟಿದ್ದನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಕೇಳಿದ.

"ಒಂದು ಮಾತು ಕೇಳಬಹುದಿತ್ತಲ್ಲ," ಅಂದ ಕೊನೆಗೆ.

"ನೀವೂ ಹೇಳಬಹುದಿತ್ತಲ್ಲ."

"ಕಾಲು ಹೋದವರಿಗೆ ಕಾಲು ಮಾಡೋನು ಅಂತ ಹೇಳಿದ್ರೆ ಜನ ಮೊದಲು ನನ್ನ ಕೈ ನೋಡ್ತಾರೆ. ಆಮೇಲೆ ಆ ಕೈಲಿ ಕೊಟ್ಟ ಟೀ ಕುಡಿಯಲ್ಲ."

ಅವಳು ಆ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಗಾರೆ. ಅಷ್ಟೇನಾ, ಈ ಬಿಳಿ ಪುಡಿ?

ಇನ್ನೂ ಒಂದು ಪ್ರಶ್ನೆ ಹತ್ತು ತಿಂಗಳಿಂದ ಗಂಟಲಲ್ಲಿತ್ತು. "ಅವತ್ತು ನನ್ನ ಪೆಟ್ಟಿಗೆಗೆ ಮತ್ತೆ ಟೇಪು ಯಾಕೆ ಹಾಕಿದ್ರಿ?"

"ಮೆಟ್ಟಿಲಲ್ಲಿ ಯಾರಾದರೂ ನೋಡ್ತಾರೆ ಅಂತ. ಕಾಲು ನೋವು ನಿಮ್ಮ ಸ್ವಂತ ವಿಷಯ ಅಲ್ವಾ?"

ಅವಳ ಕಣ್ಣು ತುಂಬಿತು. ಈ ಉತ್ತರಕ್ಕೆ ಅವಳ ನಾಲ್ಕು ಡಬ್ಬಿಯಲ್ಲಿ ಜಾಗವಿರಲಿಲ್ಲ.

ನಾಳೆ ಆ ಎರಡು ಜೋಡಿಯ ವಿಷಯ ತಾನೇ ಹೋಗಿ ಒಪ್ಪಿಕೊಳ್ಳುತ್ತೇನೆ, ಮೇಜು ಹೋದರೆ ಹೋಗಲಿ ಅಂದಳು. ತಾನೂ ಬರುತ್ತೇನೆ ಅಂದ ಅವನು. ಆ ಎರಡನ್ನೂ ತಾನೇ ದುಡ್ಡು ಕೊಟ್ಟು ಇಟ್ಟುಕೊಳ್ಳುತ್ತೇನೆ, ಇಲ್ಲಿಗೆ ಮುಂದೆ ಬರುವವರಿಗೆ ಬೇಕಾಗುತ್ತದೆ ಎಂದೂ ಸೇರಿಸಿದ. ನಂತರ ಅವನು ಹಲಗೆಯಿಂದ ಒಂದು ಚಪ್ಪಟೆ ಡಬ್ಬ ಇಳಿಸಿದ. ಒಳಗೆ ಮೆತ್ತನೆಯ ಬಿಳಿ ಫೋಮು, ಒತ್ತಿದರೆ ಅಚ್ಚು ಉಳಿಯುವಂಥದ್ದು.

"ನಿಮ್ಮ ಕಾಲಿಗೆ ಸರಿಯಾದ ಮೆತ್ತೆ ಮಾಡ್ಬೇಕು ಅಂತ ಹತ್ತು ತಿಂಗಳಿಂದ ಅಂದ್ಕೊಂಡಿದೀನಿ. ಅಳತೆ ಕೇಳೋ ಧೈರ್ಯ ಬರಲಿಲ್ಲ."

ಅವಳು ಚಪ್ಪಲಿ ಬಿಟ್ಟಳು. ಅವನು ಮತ್ತೆ ನೆಲಕ್ಕೆ ಕೂತ. ಮೊದಲು ಬಲಗಾಲಿನ ಅಚ್ಚು ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಎಡಗಾಲು.

"ಮುಂದಿನ ತಿಂಗಳು ಮೆಂಬರ್‌ಶಿಪ್ ಮುಗಿಯುತ್ತೆ," ಅಂದ, ತಲೆ ಎತ್ತದೆ. "ಮತ್ತೆ ಕೇಳುತ್ತೆ, ಸಂಬಂಧ ಏನು ಅಂತ."

"ನೀನೇನು ಬರೀತೀಯ?"

ಅವಳ ಹಿಮ್ಮಡಿಯ ಬಳಿ ಅವನ ಕೈ ಹಾಗೇ ನಿಂತಿತು. ಈವರೆಗೆ ಅವಳು "ನೀವು" ಅನ್ನುತ್ತಿದ್ದಳು.

"ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನದು," ಅಂದ ಮೆಲ್ಲಗೆ. "ನಿನಗೆ ಒಪ್ಪಿಗೆ ಇದ್ರೆ."

ಅವಳು ಕೆಳಗೆ, ಬಿಳಿಯ ಫೋಮಿನಲ್ಲಿ, ತನ್ನ ಐದು ಬೆರಳು ಇಳಿಯುವುದನ್ನು ನೋಡಿದಳು.

"ಕಾಲು ತೆಗೀಲಾ?"

"ಇನ್ನೂ ಸ್ವಲ್ಪ ಹೊತ್ತು ಇರು. ಗುರುತು ಸರಿಯಾಗಿ ಬೀಳಲಿ."

"ಬೀಳಲಿ," ಅಂದಳು ಅವಳು. ಅವನ ಭುಜದ ಮೇಲೆ ಕೈಯಿಟ್ಟು, ತನ್ನ ಭಾರವನ್ನೆಲ್ಲ ಬಿಟ್ಟು ನಿಂತಳು.