ಥಿಯೇಟರಿನ ಗಾರೆ ಹೂವು

ಛಾವಣಿಯ ಅಲಂಕಾರಕ್ಕಿದ್ದ ದೊಡ್ಡ ಗಾರೆ ಹೂವು ಕುಸಿದು ಕಾವಲುಗಾರ ತಾತನ ತಲೆ ಒಡೆದಿತ್ತು. ಎಲ್ಲರೂ ಹಾಗೇ ಹೇಳಿದರು. ಎಲ್ಲರೂ ಒಂದೇ ಮಾತು ಹೇಳಿದರೆ ಇನ್‌ಸ್ಪೆಕ್ಟರಮ್ಮನಿಗೆ ಅನುಮಾನ ಶುರುವಾಗುತ್ತದೆ.

ಅಜ್ಜನ ಕಾಲದ ಥಿಯೇಟರ್. ಒಂದೇ ಪರದೆ. ದುರಸ್ತಿ ಮುಗಿಯುತ್ತ ಬಂದಿತ್ತು. ತಾತ ಆಸ್ಪತ್ರೆಯಲ್ಲಿ, ಪ್ರಜ್ಞೆ ಇಲ್ಲದೆ. ಕಟ್ಟಡ ಅಪಾಯಕಾರಿ ಎಂದು ವರದಿ ಹೋದರೆ ಥಿಯೇಟರ್ ನೆಲಸಮ, ಗಾರೆ ಮೇಸ್ತ್ರಿ ಜೈಲಿಗೆ.

"ಆ ಹೂವಿಗೆ ನಾನೇ ಜೋತುಬಿದ್ದು ನೋಡಿದೀನಿ ಮೇಡಂ," ಮೇಸ್ತ್ರಿ ಗೋಗರೆದ. "ಅಲ್ಲಾಡಲಿಲ್ಲ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ಅಟ್ಟದಿಂದ ಯಾರಾದ್ರೂ ಹಾರೆ ಹಾಕಿದ್ರೆ?"

"ಹಾರೆ ಹಾಕಿದ್ರೆ ಯಾವ ಗಾರೆ ನಿಲ್ಲುತ್ತೆ?"

ಕಣ್ಣಾರೆ ಕಂಡವಳು ಥಿಯೇಟರಿನ ಒಡತಿ ಒಬ್ಬಳೇ. ಅವಳ ಮೈತುಂಬ ಧೂಳು.

"ತಾತ ಕೊನೇ ಸಾಲಿನ ತುದೀಲಿ ಕೂತಿದ್ರು. ಪಕ್ಕದ ಕುರ್ಚೀಲಿ ನಾನು. ಧಡಾರ್ ಅಂತು, ಎದ್ದು ಓಡಿದೆ." ಬಿಕ್ಕಿದಳು. "ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಸಿನಿಮಾ ತೋರಿಸಿದವರು ಅವರು."

ಅವಳ ತಮ್ಮ ಬಾಗಿಲಲ್ಲಿ ನಿಂತಿದ್ದ. ಥಿಯೇಟರ್ ಮಾರೋಣ ಎಂದು ಅಕ್ಕನ ತಲೆ ತಿನ್ನುತ್ತಿದ್ದವನು. ಈಗ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ.

"ಕೈ ತೋರಿಸಿ," ಎಂದಳು ಇನ್‌ಸ್ಪೆಕ್ಟರಮ್ಮ.

ಬೆರಳ ತುಂಬ ಒಣಗಿದ ಅಂಟು.

* * *

"ನಿನ್ನೆ ಕೊನೇ ಸಾಲಿನ ಕುರ್ಚಿಗಳನ್ನ ನಾನೇ ರಿಪೇರಿ ಮಾಡಿದೆ," ತಮ್ಮ ಪಿಸುಗುಟ್ಟಿದ. "ಅಕ್ಕಂಗೆ ಗೊತ್ತಿಲ್ಲ. ಮಾರೋಣ ಅಂತ ಕೂಗಾಡಿದವನು ಹೀಗೆ ಮಾಡ್ತಾನೆ ಅಂದ್ರೆ ನಗ್ತಾಳೆ."

"ತಾತನ ಕುರ್ಚಿ?"

"ಅದನ್ನ ಮಾತ್ರ ಮುಟ್ಟಿಲ್ಲ. ಮುಟ್ಟಿದ್ರೆ ಬೈತಾರೆ."

ಇನ್‌ಸ್ಪೆಕ್ಟರಮ್ಮ ಕುರ್ಚಿಗಳ ಮೇಲೆ ಟಾರ್ಚ್ ಬಿಟ್ಟಳು. ತಾತ ಕೂತಿದ್ದ ಮೆತ್ತೆಯ ತುಂಬ ಗಾರೆ ಚೂರು. ಪಕ್ಕದ ಕುರ್ಚಿ ಮಡಚಿಕೊಂಡಿತ್ತು. ಬಗ್ಗಿ ನೋಡಿ ಅಕ್ಕನನ್ನು ಕರೆಸಿದಳು.

* * *

"ನೀವು ಕೂತಿದ್ದ ಕುರ್ಚೀಲಿ ಇನ್ನೊಮ್ಮೆ ಕೂತು ತೋರಿಸಿ."

ಅಕ್ಕ ಕುರ್ಚಿ ಎಳೆದಳು. ಬಿಚ್ಚಿಕೊಳ್ಳಲಿಲ್ಲ. ಮತ್ತೆ ಎಳೆದಳು. ಮೆತ್ತೆಯದೇ ಬಣ್ಣದ ದಾರವೊಂದು ಬೆರಳಿಗೆ ಒತ್ತಿತು.

"ಅಂಟು ಒಣಗಲಿ ಅಂತ ನಿಮ್ಮ ತಮ್ಮ ಮಡಚಿ ಕಟ್ಟಿದ್ದು. ನಿನ್ನೆಯಿಂದ ಇದರಲ್ಲಿ ಯಾರೂ ಕೂತಿಲ್ಲ. ಇನ್ನು ತಾತ. ಅವರು ಕೂತಿದ್ದಾಗ ಗಾರೆ ಬಿದ್ದಿದ್ರೆ ಅವರ ಅಡಿ ಮೆತ್ತೆ ಸ್ವಚ್ಛ ಇರಬೇಕಿತ್ತು. ಮೊದಲು ಗಾರೆ ಬಿತ್ತು. ಆಮೇಲೆ ನೀವು ತಾತನ್ನ ತಂದು ಕೂರಿಸಿದ್ರಿ."

ಅಕ್ಕ ಮೆಟ್ಟಿಲ ಮೇಲೆ ಕುಸಿದಳು.

"ಮಾರಬಾರದು ಅಂತ ಅಪ್ಪ ಕೈ ಹಿಡಿದು ಮಾತು ತಗೊಂಡಿದ್ರು. ಥಿಯೇಟರ್ ತಾನಾಗೇ ಬಿದ್ರೆ ಮಾತು ತಪ್ಪಿದ ಹಾಗಲ್ಲ ಅಂದ್ಕೊಂಡೆ. ಹೂವು ಕೆಡವಿ ಹಾರೆ ಹಿಡ್ಕೊಂಡು ಇಳಿದೆ, ತಾತ ಎದುರಿಗೇ ಬಂದ್ರು. ಗಾಬರೀಲಿ ಹೊಡೆದುಬಿಟ್ಟೆ. ಊರೆಲ್ಲ ಇಲ್ಲಿ ಸಿನಿಮಾ ನೋಡ್ತು. ನಾನು ಸೋರೋ ಛಾವಣಿ ನೋಡ್ತಾ ಮುದುಕಿಯಾದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ ಅಕ್ಕ?" ತಮ್ಮ ಅವಳ ಪಕ್ಕ ಕುಕ್ಕರಿಸಿದ. "ನೀನು ಖುಷಿ ಪಡ್ತೀಯ ಅಂತ ಈ ಕುರ್ಚಿಗಳ ಹಿಂದೆ ಬಿದ್ದಿದ್ದೆ."

ಅಷ್ಟರಲ್ಲಿ ಪೇದೆ ಫೋನ್ ಹಿಡಿದು ಬಂದ.

"ತಾತಂಗೆ ಪ್ರಜ್ಞೆ ಬಂತಂತೆ ಮೇಡಂ. ಗಾರೆ ತಾನಾಗೇ ಬಿತ್ತು ಅಂತಿದಾರೆ. ಮಗು ಪಕ್ಕದಲ್ಲೇ ಇತ್ತು, ಅದಕ್ಕೆ ಏಟಾಗಿಲ್ಲ ತಾನೇ ಅಂತ ಕೇಳ್ತಾನೇ ಇದಾರೆ."

ತಾತನಿಗೆ ಅಕ್ಕ ಇನ್ನೂ ಮಗುವೇ. "ಹಾಗಾದ್ರೆ ಜೈಲು ನನಗೇನಾ ಮೇಡಂ?" ಎಂದ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ.

ಅಕ್ಕ ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು ಕೈ ಮುಂದೆ ಚಾಚಿದಳು.

"ತಾತನ ಮಾತು ಬರ್ಕೋಬೇಡಿ ಮೇಡಂ. ನಂದು ಬರ್ಕೊಳ್ಳಿ."